ಕಾಣದ ಅಂಗಡಿಯ ಕರೆ

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನಲ್ಲಿರುವ ಮಂಗಸೂಳಿಯು ಮಲ್ಲಯ್ಯನ ಕ್ಷೇತ್ರವೆಂದು ಹೆಸರಾಗಿದೆ. ಈ ದೇವರನ್ನು ಖಂಡೋಬಾ ಎಂದು ಕರೆಯುವ ಭಕ್ತರು ಮಹಾರಾಷ್ಟ್ರದಿಂದಲೂ ಇಲ್ಲಿಗೆ ಬರುತ್ತಾರೆ. ಗುಡಿಯ ಬಳಿ ಭಂಡಾರವನ್ನೋ ತೆಂಗಿನಕಾಯಿಯನ್ನೋ ಕೊಳ್ಳುವವನು ಅಂಗಡಿಕಾರನ ಮುಖವನ್ನು ನೋಡುತ್ತಾನೆ. ಕಾಯಿಯನ್ನು ಕಿವಿಯ ಬಳಿ ಅಲುಗಾಡಿಸಿ ಪರೀಕ್ಷಿಸುತ್ತಾನೆ. ಚಿಲ್ಲರೆ ಕಡಮೆಯಾದರೆ ಅಲ್ಲಿಯೇ ನಿಂತು ಕೇಳುತ್ತಾನೆ. ದೂರವಾಣಿಯಲ್ಲಿ ಮಾತನಾಡುವ ಅಂಗಡಿಗಾದರೋ ಮುಖವಿಲ್ಲ, ಬಾಗಿಲಿಲ್ಲ. ಅದರ ಹೆಸರೊಂದೇ ನಮ್ಮ ಕಿವಿಗೆ ಬೀಳುತ್ತದೆ. ವಂಚಕನು ಮೊದಲು ಕದಿಯುವುದು ಆ ಹೆಸರನ್ನೇ.

ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ, ನಾಪ್ತೋಲ್ ಮೊದಲಾದ ಪ್ರಸಿದ್ಧ ಮಾರಾಟ ಸಂಸ್ಥೆಗಳ ಹೆಸರುಗಳು ಹೀಗೆ ದುರುಪಯೋಗಗೊಂಡಿವೆ. ಕಬ್ಬಿನ ಬಿಲ್ಲು ಆಗತಾನೆ ಜಮೆಯಾಗಿರುವ ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಅಂಚೆಯಲ್ಲಿ ಒಂದು ಲಕೋಟೆ ಬರುತ್ತದೆ. ಒಳಗಿನ ಚೀಟಿಯನ್ನು ಕೆರೆದರೆ ಕಾರು ಬಹುಮಾನವಾಗಿ ಬಂದಿದೆಯೆಂಬ ಬರಹ! ಅದರಲ್ಲಿರುವ ಸಂಖ್ಯೆಗೆ ಕರೆ ಮಾಡಿದೊಡನೆ ಆ ಕಡೆಯಿಂದ ವಿನಯದ ಮಾತು ಕೇಳುತ್ತದೆ. ಗಡಿಯ ಊರಾದುದರಿಂದ ಅದು ಕನ್ನಡದಲ್ಲಿರಬಹುದು, ಮರಾಠಿಯಲ್ಲಿರಬಹುದು, ಹಿಂದಿಯಲ್ಲಿಯೂ ಇರಬಹುದು. ಕಾರಿನ ಬದಲು ಹಣವನ್ನೇ ಪಡೆಯಬಹುದೆಂದೂ, ಮೊದಲು ತೆರಿಗೆ ಕಟ್ಟಬೇಕೆಂದೂ ಅವನು ತಿಳಿಸುತ್ತಾನೆ. ಸರಕಾರದ ತೆರಿಗೆಯು ಅಪರಿಚಿತನೊಬ್ಬನ ಖಾತೆಗೆ ಏಕೆ ಸೇರಬೇಕು? ಈ ಪ್ರಶ್ನೆ ಹುಟ್ಟುವ ಮೊದಲೇ ಅವನು ಅವಸರಪಡಿಸುತ್ತಾನೆ. ಒಮ್ಮೆ ಹಣ ಕೊಟ್ಟವನಿಂದ ನೋಂದಣಿಯ ನೆವದಲ್ಲಿಯೋ ವಿಮೆಯ ನೆವದಲ್ಲಿಯೋ ಮತ್ತೆ ಕೇಳುತ್ತಾನೆ. ಕೊಟ್ಟುದು ವ್ಯರ್ಥವಾದೀತೆಂಬ ಚಿಂತೆಯೇ ಇನ್ನಷ್ಟು ಕೊಡಿಸುತ್ತದೆ.

ಕೆಲವೊಮ್ಮೆ ಕರೆ ಮಾಡಿದವನು ನಮ್ಮ ಹೆಸರು, ವಿಳಾಸಗಳನ್ನು ತಾನೇ ಹೇಳಿಬಿಡುತ್ತಾನೆ. ಇದರಿಂದ ಮಾರುಹೋಗತಕ್ಕದ್ದಿಲ್ಲ, ನಾವು ಬಿಸುಟ ಪಾರ್ಸೆಲ್ ಪೆಟ್ಟಿಗೆಯ ಮೇಲೂ ಅವು ಅಚ್ಚಾಗಿರುತ್ತವೆ. ಪರದೆಯ ಮೇಲೆ ಕಾಣುವ ಸಂಖ್ಯೆಯನ್ನೂ ಬದಲಿಸಿ ತೋರಿಸುವ ಉಪಾಯಗಳುಂಟು.

ಇನ್ನೊಂದು ಬಗೆ ಹೆಚ್ಚು ಸೂಕ್ಷ್ಮವಾದುದು. ಕೊಂಡ ವಸ್ತುವಿನ ಹಣವನ್ನು ಹಿಂದಿರುಗಿಸುವೆವೆಂದು ಹೇಳಿ, ಯುಪಿಐ ಪಿನ್ ಒತ್ತಲು ತಿಳಿಸುತ್ತಾರೆ. ಹಣವನ್ನು ಪಡೆಯುವವನು ಪಿನ್ ಒತ್ತಬೇಕಾಗಿಯೇ ಇಲ್ಲ. ಕೊಡುವವನಿಗೆ ಮಾತ್ರ ಅದು ಬೇಕು. ಇದೊಂದನ್ನು ಬಲ್ಲವನು ಅಲ್ಲಿಯೇ ಕರೆಯನ್ನು ಕಡಿದುಹಾಕುವನು. ಒಟಿಪಿ ಕೇಳುವುದು, ನಮ್ಮ ಪರದೆಯನ್ನು ದೂರದಿಂದಲೇ ನೋಡಬಲ್ಲ ಆ್ಯಪ್ ಹಾಕಿಸುವುದು ಇದೇ ಜಾತಿಯವು. ಸಂದೇಹ ಬಂದರೆ ಕರೆಯನ್ನು ನಿಲ್ಲಿಸಿ, ಆ ಸಂಸ್ಥೆಯ ಸ್ವಂತ ಆ್ಯಪಿನೊಳಗಿಂದಲೇ ವಿಚಾರಿಸಬೇಕು. ಅಂತರಜಾಲದಲ್ಲಿ ಹುಡುಕಿದಾಗ ಮೊದಲು ಸಿಕ್ಕ ಸಂಖ್ಯೆಯೂ ವಂಚಕನದೇ ಆಗಿರಬಹುದು.

ಕರ್ನಾಟಕವು ಬೆಂಗಳೂರಿನಲ್ಲಿ ಸೈಬರ್ ಅಪರಾಧ ಠಾಣೆಯನ್ನು 2001ರಲ್ಲಿಯೇ ಸ್ಥಾಪಿಸಿತು. ಇಂದು ಮಂಗಸೂಳಿಯವರು ದೂರು ಕೊಡಲು ಅಷ್ಟು ದೂರ ಹೋಗಬೇಕಾಗಿಲ್ಲ. 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿದರೆ ಸಾಕು. ತಮ್ಮ ಬ್ಯಾಂಕಿಗೂ ಕೂಡಲೇ ತಿಳಿಸಬೇಕು. ಹಣವು ಇನ್ನೂ ಯಾವುದಾದರೊಂದು ಖಾತೆಯಲ್ಲಿದ್ದರೆ ಅದನ್ನು ತಡೆಹಿಡಿಯಲು ಸಾಧ್ಯ. ಆದರೆ ಮನೆಯವರು ಬೈದಾರೆಂಬ ಅಂಜಿಕೆಯಿಂದ ಅನೇಕರು ಒಂದೆರಡು ದಿನ ಬಾಯಿ ಬಿಡುವುದಿಲ್ಲ. ಅಷ್ಟರಲ್ಲಿ ಆ ಹಣವು ಹಲವು ಖಾತೆಗಳನ್ನು ದಾಟಿ, ಯಾವುದೋ ಊರಿನಲ್ಲಿ ನಗದಾಗಿ ಹೊರಬಿದ್ದಿರುತ್ತದೆ.