ಅಧ್ಯಕ್ಷೆ ಒಬ್ಬರೇ ಮಾತಾಡಿದರೆ ಹೊಸ ಯೋಚನೆ ಎಲ್ಲಿಂದ ಬರಬೇಕು?

ಸಂಘದ ಸಭೆಗೆ ಹೋದಾಗ ನಾವು ಮೊದಲು ಗಮನಿಸುವುದು ಲೆಕ್ಕದ ಪುಸ್ತಕವನ್ನಲ್ಲ, ಯಾರು ಮಾತಾಡುತ್ತಾರೆ ಎಂಬುದನ್ನು. ಕೆಲವು ಕಡೆ ಅಧ್ಯಕ್ಷೆ ಹೇಳುತ್ತಾರೆ, ಉಳಿದವರು “ನೀವು ಹೇಳಿದ ಹಾಗೇ ಆಗ್ಲಿ ಅಕ್ಕ” ಎಂದು ಸಹಿ ಹಾಕುತ್ತಾರೆ. ಸಾಲ ಮರುಪಾವತಿ ಸರಿಯಾಗಿಯೇ ಇರುತ್ತದೆ. ಆದರೆ ಐದು ವರ್ಷವಾದರೂ ಒಂದು ಹೊಸ ಕೆಲಸ ಹೊರಬಂದಿರುವುದಿಲ್ಲ. ಆ ಹೆಂಗಸರಿಗೆ ಬುದ್ಧಿ ಕಡಿಮೆಯೇ? ಖಂಡಿತ ಅಲ್ಲ. ಹೇಳಿದರೂ ನಡೆಯುವುದಿಲ್ಲ ಎಂದು ಗೊತ್ತಾದ ಮೇಲೆ ಯೋಚನೆ ಮಾಡುವ ಗೋಜಿಗೆ ಯಾರು ಹೋಗ್ತಾರೆ?

ನಮ್ಮ ರಾಜ್ಯದಲ್ಲಿ ಸ್ವಸಹಾಯ ಸಂಘಗಳು ಹುಟ್ಟಿದ್ದೇ ಇಂಥ ಇಕ್ಕಟ್ಟಿನಿಂದ. 1984–85ರಲ್ಲಿ ಮೈರಾಡ ಸಂಸ್ಥೆ ಕಟ್ಟಿದ್ದ ಹಲವು ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದವು. ಒಬ್ಬಿಬ್ಬರೇ ಎಲ್ಲವನ್ನೂ ಹಿಡಿದುಕೊಂಡಿದ್ದಾರೆಂದು ಸದಸ್ಯರಿಗೆ ನಂಬಿಕೆ ಹೋಗಿತ್ತು. ಅವರು ಸಣ್ಣ ಸಣ್ಣ ಗುಂಪಾಗಿ ಬಂದು, ಸಾಲವನ್ನು ಮೈರಾಡಕ್ಕೆ ತೀರಿಸುತ್ತೇವೆ, ಆ ಸಂಘಕ್ಕೆ ಮಾತ್ರ ಕಟ್ಟುವುದಿಲ್ಲ ಎಂದರು. ಹಾಗಾದರೆ ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂದು ಸಂಸ್ಥೆಯವರು ಸೂಚಿಸಿದರು. ಅಧಿಕಾರ ಕೈ ಬದಲಾಯಿತು. ಯಾರಿಗೆ ಸಾಲ, ಎಷ್ಟು ಬಡ್ಡಿ, ತಡವಾದರೆ ಎಷ್ಟು ದಂಡ ಎಂಬುದನ್ನೆಲ್ಲ ಬಡವರೇ ಕೂತು ತೀರ್ಮಾನಿಸಿದರು. ಯಾವ ಅಧಿಕಾರಿಯ ಮೇಜಿನ ಮೇಲೂ ಹುಟ್ಟಿದ ಯೋಜನೆಯಲ್ಲ ಇದು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ನೆರವು ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಶುರುವಾಯಿತು. ಅಡಮಾನವಿಲ್ಲ, ನೋಂದಣಿಯ ಕಡ್ಡಾಯವಿಲ್ಲ, ಒಬ್ಬೊಬ್ಬರ ಸಾಲ ಯಾತಕ್ಕೆ ಎಂಬುದು ಗುಂಪಿಗೇ ಬಿಟ್ಟದ್ದು. ಈ ಕೊನೆಯದೇ ದೊಡ್ಡ ವಿಷಯ ಎಂದು ನಮ್ಮ ಅಭಿಪ್ರಾಯ.

ಅಮೆರಿಕದ ಬಾಸ್ಟನ್‌ನಲ್ಲಿ ಶಾಲಾ ಕಟ್ಟಡಗಳನ್ನು ಸಂಜೆ ಹೊತ್ತು ನೆರೆಹೊರೆಯವರಿಗಾಗಿ ತೆರೆಸಲು ದುಡಿದ ಮೇರಿ ಪಾರ್ಕರ್ ಫಾಲೆಟ್ ಇದನ್ನೇ ವಿವರಿಸಿದ್ದರು. ಇನ್ನೊಬ್ಬರ ಮೇಲೆ ನಡೆಸುವ ಅಧಿಕಾರ ಬೇರೆ, ಇನ್ನೊಬ್ಬರ ಜೊತೆ ಸೇರಿ ಬೆಳೆಸುವ ಅಧಿಕಾರ ಬೇರೆ. ಒಮ್ಮೆ ಗ್ರಂಥಾಲಯದಲ್ಲಿ ಒಬ್ಬರಿಗೆ ಕಿಟಕಿ ತೆರೆಯಬೇಕು, ಈಕೆಗೆ ಮುಚ್ಚಬೇಕು. ಯಾರೂ ಇಲ್ಲದ ಪಕ್ಕದ ಕೋಣೆಯ ಕಿಟಕಿ ತೆರೆದರು. ಅವರಿಗೆ ಗಾಳಿಯೂ ಬಂತು, ಈಕೆಗೆ ಥಂಡಿಯೂ ಹೊಡೆಯಲಿಲ್ಲ. ಅಲ್ಲಿ ಒಬ್ಬರು ಯಜಮಾನರಿದ್ದು ಅಪ್ಪಣೆ ಕೊಟ್ಟಿದ್ದರೆ ಪಕ್ಕದ ಕೋಣೆಯ ನೆನಪು ಯಾರಿಗೂ ಬರುತ್ತಿರಲಿಲ್ಲ.

ಹಾಗೆಂದು ಅಧಿಕಾರವೇ ಬೇಡ ಎಂದಲ್ಲ. ನಿಯಮವಿಲ್ಲದ ಕಡೆ ಜೋರು ಬಾಯಿಯವರದೇ ರಾಜ್ಯ. ದಂಡದ ನಿಯಮ ಅಧ್ಯಕ್ಷೆಗೂ ಒಂದೇ ಇರಲಿ. ಸಭೆ ನಡೆಸುವ ಸರದಿ ಎಲ್ಲರಿಗೂ ಬರಲಿ, ಅಧ್ಯಕ್ಷೆ ತಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಲಿ. ನಮ್ಮಂಥ ಸಂಸ್ಥೆಗಳ ಕಚೇರಿಗೂ ಇದು ಸೇರಿದ್ದೇ. ಊರು ಬಲ್ಲ ಕಾರ್ಯಕರ್ತೆಗೆ ನಾವು ಮೊದಲೇ ತುಂಬಿಸಿದ ಫಾರಂ ಕೊಟ್ಟರೆ ಅವಳು ಏನು ಹೇಳಿಯಾಳು?

ಪ್ರತಿನಿಧಿಗಳು ಬದಲಾದಾಗ ಮೊದಲ ಎರಡು ಮೂರು ಸಭೆಗಳಲ್ಲಿ ಗೊಂದಲ ಆಗ್ತದೆ, ಲೆಕ್ಕ ತಪ್ಪುತ್ತದೆ. ಆಗ ಹಳಬರು ಪಕ್ಕದಲ್ಲಿ ಕೂತು ತೋರಿಸಿಕೊಟ್ಟರೆ ಸಾಕು. ಪೆನ್ನು ಹೊಸಬರ ಕೈಯಲ್ಲೇ ಇರಲಿ.