ಹಂಡೆ ಸೋರುತ್ತಿದೆಯೋ, ಬೆವರುತ್ತಿದೆಯೋ?

ಹಳಿಯಾಳ, ದಾಂಡೇಲಿ ಕಡೆಯ ಹಳೆಯ ಬಚ್ಚಲುಮನೆಗಳಲ್ಲಿ ತಾಮ್ರದ ಹಂಡೆಗೆ ಇಂದಿಗೂ ಕಟ್ಟಿಗೆಯ ಉರಿಯುಂಟು. ರಜೆ ಮುಗಿಸಿ ಬಂದು, ತಣ್ಣೀರು ತುಂಬಿ ಒಲೆ ಹೊತ್ತಿಸಿದೊಡನೆ ತಳದಿಂದ ಹನಿ ಬಿದ್ದು ಕೆಂಡ ಚುರ್ರೆಂದರೆ ಗಾಬರಿಯಾಗಬೇಡಿರಿ. ಉರಿಯುವ ಕಟ್ಟಿಗೆಯಿಂದ ನೀರಾವಿಯೂ ಹೊರಡುತ್ತದೆ. ತಣ್ಣನೆಯ ತಾಮ್ರಕ್ಕೆ ತಗುಲಿ ಅದು ಹನಿಗಟ್ಟುತ್ತದೆ. ನೀರು ಬಿಸಿಯಾದಂತೆ ಈ ಬೆವರು ತಾನಾಗಿ ನಿಲ್ಲುವುದು.

ನಿಲ್ಲದಿದ್ದರೆ ಉರಿ ಆರಿಸಿರಿ. ಎಲ್ಲವೂ ತಣಿದ ಮೇಲೆ ಹೊರಮೈ ಒರೆಸಿ, ತಳದಡಿ ಒಣಬೂದಿ ಹರಡಿ ರಾತ್ರಿಯೆಲ್ಲ ಬಿಡಿರಿ. ಬೆಳಗ್ಗೆ ಬೂದಿ ತೊಯ್ದಿದ್ದರೆ ಸೋರಿಕೆ ನಿಜ. ಬೆಸುಗೆಯಾಗುವವರೆಗೆ ಒಲೆ ಹೊತ್ತಿಸಲಾಗದು. ನೀರಿರುವಾಗ ತಳದ ಕಾವು 100 ಡಿಗ್ರಿ ಸೆಲ್ಸಿಯಸ್‌ಗಿಂತ ಬಹಳ ಏರದು. ನೀರು ಸೋರಿ ಹಂಡೆ ಬರಿದಾದರೆ ಹಾಗಲ್ಲ. ತವರ-ಸೀಸದ ಬೆಸುಗೆ ಸುಮಾರು 183 ಡಿಗ್ರಿಗೇ ಕರಗತೊಡಗುತ್ತದೆ. ಸಣ್ಣ ತೂತಿಗೆ ಇಡೀ ಹಂಡೆಯನ್ನೇ ತೆರಬೇಕಾದೀತು.