ಹೈಬ್ರಿಡ್ ಬ್ಯಾಟರಿಯೂ ಕಡಲ ತೀರದ ಕಿಲುಬೂ

ಹೈಬ್ರಿಡ್ ಕಾರಿನಲ್ಲಿ ಬ್ಯಾಟರಿ ಒಂದಲ್ಲ, ಎರಡು. ಒಂದು ಎಲ್ಲ ಕಾರುಗಳಲ್ಲೂ ಇರುವ 12 ವೋಲ್ಟಿನದು. ಇನ್ನೊಂದು ಮೋಟಾರನ್ನು ಓಡಿಸುವ ಹೈವೋಲ್ಟೇಜ್ ಬ್ಯಾಟರಿ. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನಲ್ಲಿ 1.2 ವೋಲ್ಟಿನ 168 ನಿಕಲ್-ಮೆಟಲ್ ಹೈಡ್ರೈಡ್ ಸೆಲ್‌ಗಳು ಒಂದರ ಹಿಂದೊಂದು ಸೇರಿ 201.6 ವೋಲ್ಟ್ ಆಗುತ್ತದೆ. ಹೀಗೆ ಸಾಲಾಗಿ ಜೋಡಿಸಿದ ಬ್ಯಾಟರಿಯಲ್ಲಿ ಒಂದು ಸೆಲ್ ಅಥವಾ ಒಂದು ಬೆಸುಗೆ ಕೆಟ್ಟರೂ ಸಾಕು, ಇಡೀ ಬ್ಯಾಟರಿ ಸೋತಂತೆ ಕಾಣುತ್ತದೆ.

ಕೋಟೇಶ್ವರ, ಬೀಜಾಡಿ, ಕೋಡಿಯಂಥ ಕಡಲ ತೀರದ ಊರುಗಳಲ್ಲಿ ಈ ಕೆಡುಕಿಗೆ ಉಪ್ಪಿನ ಗಾಳಿಯ ಬೆಂಬಲವಿದೆ. ಮರವಂತೆಯಲ್ಲಂತೂ ರಾಷ್ಟ್ರೀಯ ಹೆದ್ದಾರಿ 66 ಕಡಲಿಗೂ ಸೌಪರ್ಣಿಕಾ ನದಿಗೂ ನಡುವೆಯೇ ಸಾಗುತ್ತದೆ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಅಡುಗೆ ಉಪ್ಪು ತಾನಾಗಿಯೇ ನೀರು ಹೀರಿ ಕರಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಅದಕ್ಕಿಂತ ಹೆಚ್ಚು ತೇವವಿರುವುದೇ ಸಾಮಾನ್ಯ. ಲೋಹದ ಮೇಲೆ ಕೂತ ಉಪ್ಪಿನ ಧೂಳು ಆಗ ವಿದ್ಯುತ್ ಹರಿಯಬಲ್ಲ ಪಸೆಯಾಗುತ್ತದೆ. ತಾಮ್ರದ ಮೇಲೆ ಹಸಿರು ಕಿಲುಬು ಏಳುತ್ತದೆ. ಹಲವು ಹೈಬ್ರಿಡ್‌ಗಳು ಬ್ಯಾಟರಿಯನ್ನು ತಂಪಾಗಿಡಲು ಕಾರಿನ ಒಳಗಿನ ಗಾಳಿಯನ್ನೇ ಫ್ಯಾನಿನಿಂದ ಎಳೆದುಕೊಳ್ಳುವುದರಿಂದ ಒದ್ದೆ ಮ್ಯಾಟಿನ ಪಸೆಯೂ ಅಲ್ಲಿಗೆ ತಲುಪುತ್ತದೆ.

ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಹೊತ್ತಿದಾಗ ಮೊದಲು ನೋಡಬೇಕಾದದ್ದು 12 ವೋಲ್ಟಿನ ಬ್ಯಾಟರಿಯನ್ನು. ಅದು ಸೊರಗಿದರೆ ಕಂಪ್ಯೂಟರು ಇಲ್ಲದ ದೋಷಗಳನ್ನೂ ತೋರಿಸಬಹುದು. ಅದು ಸರಿಯಿದ್ದರೆ ಸ್ಕ್ಯಾನರ್ ಹಾಕಬೇಕು. ಪಿ0ಎ80 ಎಂಬ ಕೋಡ್ ಬಂದರೆ ಬ್ಯಾಟರಿ ಬದಲಿಸಿ ಎಂದರ್ಥ. ಅನೇಕರು ಇಲ್ಲಿಗೇ ನಿಂತುಬಿಡುತ್ತಾರೆ, ಅದು ತಪ್ಪು. ಬ್ಯಾಟರಿಯ ಭಾಗಗಳ ವೋಲ್ಟೇಜ್‌ಗಳ ನಡುವೆ ಅಂತರ ಕಂಡಿದೆ ಎನ್ನುವುದಷ್ಟೇ ಕಂಪ್ಯೂಟರಿಗೆ ಗೊತ್ತು, ಕಾರಣ ಗೊತ್ತಿಲ್ಲ.

ಟೊಯೋಟಾ ಪ್ರಿಯಸ್‌ನ ಎರಡನೇ ತಲೆಮಾರಿನ ಬ್ಯಾಟರಿಯನ್ನೇ ನೋಡಬಹುದು. ಅದರಲ್ಲಿ 7.2 ವೋಲ್ಟಿನ 28 ಮಾಡ್ಯೂಲ್‌ಗಳಿವೆ. ಎರಡೆರಡನ್ನು ಸೇರಿಸಿ 14 ಬ್ಲಾಕ್‌ಗಳಾಗಿ ಕಂಪ್ಯೂಟರು ಅಳೆಯುತ್ತದೆ. ಕಾರು ಜೋರಾಗಿ ಎಳೆಯುವಾಗ ಒಂದು ಬ್ಲಾಕ್ ಮಾತ್ರ ಉಳಿದವಕ್ಕಿಂತ ಒಂದು ವೋಲ್ಟಿಗೂ ಹೆಚ್ಚು ಕುಸಿದು, ಚಾರ್ಜ್ ಆಗುವಾಗ ಅದೇ ಬ್ಲಾಕ್ ಎಲ್ಲಕ್ಕಿಂತ ಮೇಲೇರಿದರೆ ಅಲ್ಲಿ ರೋಧ ಹೆಚ್ಚಿದೆ ಎಂದು ತಿಳಿಯಬೇಕು. ಆ ರೋಧ ಸೆಲ್‌ನೊಳಗೂ ಇರಬಹುದು, ಮಾಡ್ಯೂಲ್‌ಗಳನ್ನು ಬೆಸೆಯುವ ತಾಮ್ರದ ಪಟ್ಟಿಯಲ್ಲೂ, ಅಂದರೆ ಬಸ್‌ಬಾರಿನಲ್ಲೂ ಇರಬಹುದು. ಕಿಲುಬು ಹಿಡಿದ ಒಂದು ನಟ್ಟಿನ ಬುಡದಲ್ಲಿ ಬರೀ 0.01 ಓಮ್ ರೋಧವಿದ್ದರೂ 100 ಆಂಪಿಯರ್ ಹರಿಯುವಾಗ 1 ವೋಲ್ಟ್ ಅಲ್ಲೇ ನಷ್ಟವಾಗುತ್ತದೆ, 100 ವಾಟ್ ಶಾಖ ಅಲ್ಲೇ ಹುಟ್ಟುತ್ತದೆ. ಸೆಲ್ ಗಟ್ಟಿಯಾಗಿದ್ದರೂ ಸ್ಕ್ಯಾನರಿನಲ್ಲಿ ಸತ್ತಂತೆ ಕಾಣಲು ಇಷ್ಟು ಸಾಕು.

ವೋಲ್ಟೇಜ್ ಅಳೆಯುವ ಸಣ್ಣ ವೈರುಗಳಿಗೆ ಕಿಲುಬು ಹಿಡಿದರೆ ಲಕ್ಷಣವೇ ಬೇರೆ. ಪಕ್ಕಪಕ್ಕದ ಎರಡು ಬ್ಲಾಕ್‌ಗಳಿಗೆ ನಡುವಿನ ವೈರು ಒಂದೇ ಆದ್ದರಿಂದ ಒಂದು ಎಷ್ಟು ಕಡಿಮೆ ತೋರಿಸುತ್ತದೋ ಪಕ್ಕದ್ದು ಅಷ್ಟೇ ಹೆಚ್ಚು ತೋರಿಸುತ್ತದೆ. ಎರಡರ ಮೊತ್ತ ಮಾತ್ರ ಸರಿಯಾಗಿರುತ್ತದೆ. ಇಂಥ ಜೋಡಿ ಕಂಡರೆ ಬ್ಯಾಟರಿಯನ್ನು ದೂರುವ ಮೊದಲು ವೈರನ್ನು ನೋಡಬೇಕು.

ಮಳೆಗಾಲದಲ್ಲಿ ಹೆಚ್ಚು ಕಾಡುವುದು ಪಿ0ಎಎ6, ಅಂದರೆ ಇನ್ಸುಲೇಶನ್ ದೋಷ. 12 ವೋಲ್ಟಿನ ಬ್ಯಾಟರಿಯ ನೆಗೆಟಿವ್ ಕಾರಿನ ಬಾಡಿಗೆ ಸೇರಿರುತ್ತದೆ. ಹೈವೋಲ್ಟೇಜ್ ಕಡೆಯ ಯಾವ ತುದಿಯೂ ಬಾಡಿಗೆ ತಾಗಕೂಡದು. ಕನೆಕ್ಟರಿನೊಳಗೆ ಉಪ್ಪು ನೀರು ಇಳಿದರೆ ಅಥವಾ ಮಾಡ್ಯೂಲಿನಿಂದ ಕ್ಷಾರ ಸೋರಿ ಲೋಹದ ತಟ್ಟೆಗೆ ಮುಟ್ಟಿದರೆ ಅಲ್ಲಿಂದ ಸೋರಿಕೆ ಶುರು. ಮಳೆ ಬಂದಾಗ ಕಾಣಿಸಿಕೊಂಡು ಬಿಸಿಲಿಗೆ ಮಾಯವಾಗುವ ದೋಷ ಹೆಚ್ಚಾಗಿ ನೀರಿನದೇ. ರಸ್ತೆಗೆ ಉಪ್ಪು ಸುರಿಯುವ ಕೆನಡಾದಲ್ಲಿ ಟೊಯೋಟಾ ರಾವ್4 ಹೈಬ್ರಿಡ್‌ನ ಹಿಂದಿನ ಮೋಟಾರಿಗೆ ಹೋಗುವ ಹೈವೋಲ್ಟೇಜ್ ಕೇಬಲ್ ಹೀಗೆಯೇ ಕಿಲುಬು ಹಿಡಿದು, ಕಂಪನಿ ಅದರ ವಾರಂಟಿಯನ್ನು ವಿಸ್ತರಿಸಬೇಕಾಯಿತು. ಈ ದೋಷ ಹುಡುಕಲು ಇನ್ಸುಲೇಶನ್ ಅಳೆಯುವ ಮೆಗ್ಗರ್ ಬೇಕು: ಬ್ಯಾಟರಿ, ಇನ್ವರ್ಟರ್, ಮೋಟಾರ್, ಎಸಿ ಕಂಪ್ರೆಸರ್‌ಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುತ್ತಾ ಹೋದರೆ ಸೋರುವ ಭಾಗ ಸಿಗುತ್ತದೆ.

ಇದು ತರಬೇತಿ ಇಲ್ಲದವರು ಕೈಹಾಕುವ ಕೆಲಸವಲ್ಲ. ಕಿತ್ತಳೆ ಬಣ್ಣದ ಕೇಬಲ್ ಎಂದರೆ ಪ್ರಾಣ ತೆಗೆಯುವ ವೋಲ್ಟೇಜ್. ಹೈವೋಲ್ಟೇಜ್ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಿತ್ತ ಮೇಲೂ ಇನ್ವರ್ಟರಿನ ಕೆಪಾಸಿಟರ್‌ಗಳು ಖಾಲಿಯಾಗಲು 10 ನಿಮಿಷ ಕಾಯಬೇಕು; 1000 ವೋಲ್ಟ್ ತಡೆಯುವ ರಬ್ಬರ್ ಗ್ಲೌಸ್ ಹಾಕಿ, ವೋಲ್ಟೇಜ್ ಸೊನ್ನೆಯಾಗಿದೆ ಎಂದು ಮೀಟರಿನಲ್ಲಿ ನೋಡಿದ ಮೇಲೆಯೇ ಕೆಲಸ.

ಬಸ್‌ಬಾರಿನ ಕಿಲುಬನ್ನು ತಿಕ್ಕಿ ತೆಗೆದು, ಅಥವಾ ಹೊಸ ಪಟ್ಟಿ ಹಾಕಿ, ಕಂಪನಿ ಹೇಳಿದಷ್ಟೇ ಬಿಗಿಯಲ್ಲಿ ನಟ್ ಕೂರಿಸಿದರೆ ಎಷ್ಟೋ ಬ್ಯಾಟರಿಗಳು ಮತ್ತೆ ಓಡುತ್ತವೆ. ಕ್ಷಾರ ಸೋರಿದ ಮಾಡ್ಯೂಲ್ ಮಾತ್ರ ಉಳಿಯದು. ಅದೊಂದನ್ನೇ ಬದಲಿಸುವುದು ತಾತ್ಕಾಲಿಕ ಉಪಾಯ, ಏಕೆಂದರೆ ಪಕ್ಕದವಕ್ಕೂ ಅಷ್ಟೇ ವಯಸ್ಸಾಗಿರುತ್ತದೆ. ಭಾರತದಲ್ಲಿ ಟೊಯೋಟಾ ತನ್ನ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅಷ್ಟರವರೆಗೆ ವಾರಂಟಿ ಕೊಡುತ್ತದೆ. ಹೊರಗಿನ ಗ್ಯಾರೇಜಿನಲ್ಲಿ ಬ್ಯಾಟರಿ ಬಿಚ್ಚಿಸುವ ಮೊದಲು ಮಾಲೀಕರು ಆ ಕಾಗದವನ್ನೊಮ್ಮೆ ತೆಗೆದು ನೋಡಬೇಕು. ಬ್ಯಾಟರಿ ಬದಲಿಸಲೇಬೇಕು ಎಂದು ಗ್ಯಾರೇಜಿನವರು ಹೇಳಿದರೆ ಪ್ರತಿ ಬ್ಲಾಕಿನ ವೋಲ್ಟೇಜ್ ಬರೆದುಕೊಡಿ ಎಂದು ಕೇಳಬೇಕು.